ಸರದಿ ಯಾರದು?

ಗುಡಿಯ ಕಟ್ಟೆಯ ಮೇಲೆ ಚೌಕಾಬಾರದ ಆಟ ನಡೆದಿದ್ದರೆ ಸ್ವಲ್ಪ ಹೊತ್ತು ನಿಂತು ನೋಡಬೇಕು. 25 ಮನೆಗಳ ಪಟ, 4 ಕವಡೆ, ಒಬ್ಬೊಬ್ಬರಿಗೆ 4 ಕಾಯಿ. ಕವಡೆ ಬಿದ್ದ ಮೇಲೆ ಆಟಗಾರನ ಮುಂದಿರುವ ದಾರಿಗಳು ಹೆಚ್ಚೆಂದರೆ ನಾಲ್ಕು; ಯಾವ ಕಾಯಿ ನಡೆಸಬೇಕು ಎಂಬುದಷ್ಟೇ ಪ್ರಶ್ನೆ. ಎದುರಾಳಿಯ ಕಾಯಿ ಹೊಡೆಯುವುದೋ, ತನ್ನದನ್ನು ಕಟ್ಟೆಮನೆಗೆ ಸೇರಿಸುವುದೋ? ತಡ ಮಾಡಿದರೆ ಸುತ್ತ ಕುಳಿತವರು ಬಿಡುವುದಿಲ್ಲ: 'ನಡಸೋ ತಮ್ಮಾ, ಹೊತ್ತು ಮುಳಗತೈತಿ!' ಆಯ್ಕೆ ಕಡಿಮೆ, ಒತ್ತಾಯ ಹೆಚ್ಚು. ಹಾಗಾಗಿ ಆಟ ನಿಲ್ಲದೆ ಸಾಗುತ್ತದೆ.

ಇನ್ನೊಂದು ಬಗೆಯ ಆಟವಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಇದರಲ್ಲಿ ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. 'ಈಗ ಏನು ಮಾಡುತ್ತೀರಿ?' ಎಂದು ಕಥೆಗಾರ ಕೇಳುತ್ತಾನೆ. ಆಟಗಾರ ಮನಸ್ಸಿಗೆ ಬಂದದ್ದನ್ನು ಮಾಡಬಹುದು. ಅದು ಫಲಿಸೀತೇ ಎಂಬುದನ್ನು ದಾಳ ಹೇಳುತ್ತದೆ. ಆಯ್ಕೆಗೆ ಮಿತಿಯಿಲ್ಲ. ಒಂದೇ ಮೇಜಿನ ಸುತ್ತ ಕುಳಿತು ಆಡುತ್ತಿದ್ದ ಈ ಆಟವನ್ನು ಈಗ ಮೊಬೈಲಿನಲ್ಲಿ ಬರೆದು ಕಳಿಸಿಯೂ ಆಡುತ್ತಾರೆ. ತೊಡಕು ಶುರುವಾಗುವುದು ಅಲ್ಲಿಯೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಒಬ್ಬೊಬ್ಬರಂತೆ ನಾಲ್ವರು ಹಳೆಯ ಸಹಪಾಠಿಗಳಿದ್ದಾರೆ ಎಂದಿಟ್ಟುಕೊಳ್ಳಿ. ದುಡಿಯಲು ಪುಣೆಗೆ ಹೋದ ಐದನೆಯವನೇ ಕಥೆಗಾರ. ಕಥೆಯಲ್ಲಿ ರಾತ್ರಿಯಾಗಿದೆ, ಡೋಣಿ ಹೊಳೆ ಏರುತ್ತಿದೆ, ದಂಡೆಯಲ್ಲಿ ಜೋಳ ಹೇರಿದ ಎತ್ತಿನ ಗಾಡಿ ನಿಂತಿದೆ. ಸರದಿಯಂತೆ ದಿನಕ್ಕೊಬ್ಬರು ಉತ್ತರಿಸಿದರೆ ನಾಲ್ಕು ದಿನ, ಕಥೆಗಾರನ ಉತ್ತರಕ್ಕೊಂದು ದಿನ. ಒಂದು ಸುತ್ತಿಗೆ ಐದು ದಿನ. ಹೊಳೆ ದಾಟಲು ಆರು ಸುತ್ತು ಬೇಕಾದರೆ ಪೂರಾ ಒಂದು ತಿಂಗಳು! ಎದುರುಬದುರು ಕುಳಿತಿದ್ದರೆ ಅರ್ಧ ಗಂಟೆಯ ಮಾತು. ತಿಂಗಳು ಕಳೆಯುವಷ್ಟರಲ್ಲಿ ಹೊಳೆ ಏರಿದ್ದೇ ಯಾರಿಗೂ ನೆನಪಿರುವುದಿಲ್ಲ.

ಇದಕ್ಕೆ ಮದ್ದು ಉಂಟು. ಮೊದಲನೆಯದು, ಸರದಿ ಬಿಟ್ಟು ಎಲ್ಲರೂ ಒಂದೇ ದಿನದೊಳಗೆ ತಮ್ಮ ಉತ್ತರ ಕಳಿಸುವುದು. ಕಥೆಗಾರ ನಾಲ್ಕನ್ನೂ ಕೂಡಿಸಿ ಮುಂದೆ ನಡೆಸುವುದು. ಆಗ ಐದು ದಿನದ ಸುತ್ತು ಎರಡು ದಿನಕ್ಕೆ ಇಳಿಯುತ್ತದೆ. ಎರಡನೆಯದು, ಪ್ರಶ್ನೆಯನ್ನು ಬಿಗಿಯಾಗಿ ಕೇಳುವುದು. 'ಏನು ಮಾಡುತ್ತೀರಿ?' ಎಂದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ. 'ಈಗಲೇ ದಾಟಿದರೆ ಕಾಳು ನೆನೆದೀತು, ಬೆಳಗಿನವರೆಗೆ ಕಾದರೆ ಬೆನ್ನಟ್ಟಿ ಬರುವ ಕಳ್ಳರು ಸಿಕ್ಕಾರು, ಚೀಲ ಇಳಿಸಿದರೆ ಗಾಡಿ ಹಗುರಾದೀತು' ಎಂದರೆ ತಲೆ ಓಡತೊಡಗುತ್ತದೆ. ನಾಲ್ಕನೆಯ ದಾರಿ ಹೊಳೆದವನು ಅದನ್ನೂ ಹೇಳಲಿ.

ಆದರೆ ಆಯ್ಕೆ ನಿಜವಾದದ್ದಾಗಿರಬೇಕು. ಯಾವ ದಾರಿ ಹಿಡಿದರೂ ಕಳ್ಳರ ಕೈಗೇ ಸಿಕ್ಕುವುದಾದರೆ ಕೇಳುವುದೇಕೆ? ಎರಡು ಸಲ ಹಾಗಾದರೆ ಆಟಗಾರ ಯೋಚಿಸುವುದನ್ನೇ ಬಿಡುತ್ತಾನೆ. ಏನೂ ತಿಳಿಸದೆ ಆರಿಸು ಎನ್ನುವುದೂ ತಪ್ಪು. ಅದು ಕವಡೆ ಎಸೆದಂತೆ, ನಿರ್ಧಾರವಲ್ಲ. ನೀರು ಮೊಣಕಾಲಿಗಿದೆಯೋ ಎದೆಗಿದೆಯೋ ತಿಳಿದರೆ ತಾನೆ ದಾಟುವ ಮಾತು?

ಉಳಿದದ್ದು ಸುಮ್ಮನಿರುವವನ ಪ್ರಶ್ನೆ. ಸಿಂದಗಿಯವನ ಉತ್ತರ ಮೂರು ದಿನದಿಂದ ಇಲ್ಲ. ಹೊಲದಲ್ಲಿ ಕೆಲಸವಿದ್ದೀತು, ಮನೆಯಲ್ಲಿ ಜಡ್ಡಾಗಿದ್ದೀತು. ಅವನಿಗಾಗಿ ಕಾದರೆ ಆಟ ಸಾಯುತ್ತದೆ. ಅವನನ್ನು ಬಿಟ್ಟು ನಡೆದರೆ ಗೆಳೆಯ ದೂರವಾಗುತ್ತಾನೆ. ಕಟ್ಟೆಯ ಮೇಲಾದರೆ ಹೆಗಲು ತಟ್ಟಿ ಎಬ್ಬಿಸಬಹುದಿತ್ತು. ಇಲ್ಲಿ ಆಟ ಶುರುವಾಗುವ ಮೊದಲೇ ಒಬ್ಬೊಬ್ಬರೂ ಒಂದು ಮಾತು ಹೇಳಿಟ್ಟಿರಬೇಕು: 'ನಾನು ಇಲ್ಲದಾಗ ನನ್ನ ಪಾತ್ರ ಇಂಥದ್ದು ಮಾಡುತ್ತದೆ.' ಒಂದು ದಿನ ಕಾದ ಮೇಲೆ ಕಥೆಗಾರ ಅದರಂತೆ ನಡೆಸಲಿ. ಅವನ ಪಾತ್ರವನ್ನು ಮಾತ್ರ ಕೊಲ್ಲದಿರಲಿ.

ನಾಲ್ಕನೆಯ ದಿನ ಸಿಂದಗಿಯವನು ಮೊಬೈಲ್ ತೆರೆದಾಗ ಗಾಡಿ ಆಚೆ ದಂಡೆಗೆ ಸೇರಿರುತ್ತದೆ. ಮೊದಲೇ ಹೇಳಿಟ್ಟಂತೆ ಅವನ ಪಾತ್ರ ಎತ್ತಿನ ಹಗ್ಗ ಹಿಡಿದು ನಿಂತಿರುತ್ತದೆ. ಕೆಳಗೊಂದು ಪ್ರಶ್ನೆ ಕಾದಿರುತ್ತದೆ: 'ಬಂದೇನೋ? ಈಗ ಎತ್ಲಾಗ ಹೋಗೂಣು?'