ಮಂಡಿಯೊಳಗಿನ ಲೋಹಕ್ಕೆ ಹೆಸರಿಲ್ಲವೇ?

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ನಡೆಸುವವರ ಬಳಿ ಒಂದು ಶಾಫ್ಟ್ ಮಾಡಿಸಲು ಹೋಗಿ ನೋಡಿ. ಅವರ ಮೊದಲ ಪ್ರಶ್ನೆಯೇ, ‘ಯಾವ ಮೆಟೀರಿಯಲ್ ಸಾರ್? ಇ.ಎನ್. 8 ಸಾಕೋ, ಇ.ಎನ್. 24 ಬೇಕೋ?’ ಯಂತ್ರದ ಒಂದು ಬಿಡಿಭಾಗಕ್ಕೆ ಸಲ್ಲುವ ಈ ಮರ್ಯಾದೆ ಮನುಷ್ಯನ ಮಂಡಿಗೆ ಸಲ್ಲುತ್ತಿಲ್ಲವೆಂಬುದೇ ನನ್ನ ತಕರಾರು.

2018ರಲ್ಲಿ ನನ್ನ ಪತ್ನಿಗೆ ಎರಡೂ ಮಂಡಿಗಳ ಬದಲಿ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ‘ಸಾಮಾನ್ಯದ್ದು ಹಾಕೋಣವೋ, ಟೈಟಾನಿಯಂ ಹಾಕೋಣವೋ?’ ಎಂದು ಕೌಂಟರಿನಲ್ಲಿ ಕೇಳಿದರು. ಸಾಮಾನ್ಯವೆಂದರೆ ಯಾವ ಲೋಹವೆಂದು ನಾನು ಕೇಳಿದ್ದಕ್ಕೆ, ‘ಎಲ್ಲಾ ಇಂಪೋರ್ಟೆಡ್ಡೇ ಸಾರ್’ ಎಂಬ ಉತ್ತರ ಬಂತು. ಇಂಪೋರ್ಟೆಡ್ ಎಂಬುದು ಯಾವ ಲೋಹದ ಹೆಸರು?

ಅವರು ‘ಸಾಮಾನ್ಯ’ವೆಂದದ್ದು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹವನ್ನು. 1907ರಲ್ಲಿ ಅಮೆರಿಕದ ಎಲ್ವುಡ್ ಹೇನ್ಸ್ ಇದಕ್ಕೆ ಪೇಟೆಂಟ್ ಪಡೆದು, ಮಾಸದ ಹೊಳಪನ್ನು ಕಂಡು, ನಕ್ಷತ್ರವೆಂಬ ಅರ್ಥದ ಲ್ಯಾಟಿನ್ ಪದದಿಂದ ‘ಸ್ಟೆಲೈಟ್’ ಎಂದು ಹೆಸರಿಟ್ಟನು. ಲೇತಿನ ಟೂಲಾಗಿ ದುಡಿದ ಈ ವಂಶದ ಲೋಹ 1930ರ ದಶಕದಲ್ಲಿ ‘ವೈಟಾಲಿಯಂ’ ಎಂಬ ಹೆಸರಿನಿಂದ ಮೊದಲು ದಂತವೈದ್ಯರ ಕೈಗೆ, ಬಳಿಕ ಮೂಳೆವೈದ್ಯರ ಕೈಗೆ ಬಂತು. ಅದರಲ್ಲಿರುವ ಶೇಕಡ 30ರ ಸಮೀಪದ ಕ್ರೋಮಿಯಂ ಮೇಲ್ಮೈಯಲ್ಲಿ ಆಕ್ಸೈಡಿನ ತೆಳುಪೊರೆ ಕಟ್ಟಿ, ದೇಹದ ಉಪ್ಪುನೀರಿನಿಂದ ಲೋಹವನ್ನು ಕಾಯುತ್ತದೆ.

ಟೈಟಾನಿಯಂ ಹಗುರವಾದದ್ದು, ಮೂಳೆಯೊಡನೆ ಚೆನ್ನಾಗಿ ಬೆಸೆಯುವಂಥದ್ದು, ನಿಜ. ಆದರೆ ಉಜ್ಜಾಟಕ್ಕೆ ಅದು ಬೇಗ ಸವೆಯುತ್ತದೆ. ಆದ್ದರಿಂದಲೇ ಸದಾ ಉಜ್ಜುವ ತೊಡೆಮೂಳೆಯ ತುದಿಗೆ ಹೆಚ್ಚಾಗಿ ಕೋಬಾಲ್ಟ್-ಕ್ರೋಮಿಯಂ ಬಳಸುತ್ತಾರೆ. ನಿಕ್ಕಲ್ ಅಲರ್ಜಿಯಿರುವವರಿಗೆ ಬೇರೆ ಲೋಹ ಬೇಕಾಗಬಹುದು. ಅದನ್ನು ಹೇಳಬೇಕಾದವರು ವೈದ್ಯರೇ ಹೊರತು ಕೌಂಟರಿನವರಲ್ಲ. ದುಬಾರಿಯಾದದ್ದೆಲ್ಲ ಉತ್ತಮವೆಂಬುದು ವ್ಯಾಪಾರದ ಸೂತ್ರ, ಲೋಹಶಾಸ್ತ್ರದ್ದಲ್ಲ.

2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ಟೈಟಾನಿಯಂ ಮೊದಲಾದ ವಿಶೇಷ ಲೋಹದ ಮಂಡಿಗೆ 76,600 ರೂಪಾಯಿ ಎಂದು, ಜಿಎಸ್‌ಟಿ ಬಿಟ್ಟು, ಗರಿಷ್ಠ ಬೆಲೆ ಕಟ್ಟಿತು. ತಯಾರಕರ ಹೆಸರು, ಬ್ಯಾಚ್ ಸಂಖ್ಯೆಗಳನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಿಸಬೇಕೆಂದೂ ಆ ಆದೇಶ ಹೇಳಿತು. ನಮ್ಮ ಬಿಲ್ಲಿನಲ್ಲಿದ್ದದ್ದು ‘ಇಂಪ್ಲಾಂಟ್ – 2’ ಎಂದಷ್ಟೇ. ಮೂರು ಸಲ ಅಲೆದ ಮೇಲೆ ಪೊಟ್ಟಣದ ಸ್ಟಿಕ್ಕರುಗಳು ಕೈಗೆ ಬಂದವು. ಮುಂದೆಂದಾದರೂ ತೊಂದರೆಯಾದರೆ, ಒಳಗಿರುವುದೇನೆಂದು ಹೇಳುವ ಸಾಕ್ಷಿ ಆ ಚೀಟಿಯೇ.

ನನ್ನ ಶಿಷ್ಯರಲ್ಲಿ ಎಂಜಿನಿಯರುಗಳು ಬಹಳ ಮಂದಿ. ಟೆಸ್ಟ್ ಸರ್ಟಿಫಿಕೇಟ್ ಇಲ್ಲದೆ ಕಾರ್ಖಾನೆಯೊಳಕ್ಕೆ ಒಂದು ಬೋಲ್ಟನ್ನೂ ಬಿಡದವರು ನೀವು. ಹೆತ್ತವರ ಮಂಡಿಗೆ, ಹಲ್ಲಿಗೆ ಲೋಹ ಕೂರಿಸುವಾಗ ಮಾತ್ರ ಕಾರ್ಡ್ ಉಜ್ಜಿ ಸುಮ್ಮನಾಗುತ್ತೀರೇಕೆ? ಲೋಹದ ಹೆಸರು ಕೇಳಿ. ಸ್ಟಿಕ್ಕರನ್ನು ಜೋಪಾನ ಮಾಡಿ. ತರಗತಿಯಲ್ಲಿ ಪ್ರಶ್ನೆ ಕೇಳಿದವರನ್ನು ನಾನೆಂದೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ನಿಮಗೇಕೆ ಸಂಕೋಚ?