ಮನೆ ಪಾಲಾಯ್ತು, ಪೈಪು ಪಾಲಾಗಲಿಲ್ಲ!

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ದಾಯಾದಿಗಳನ್ನು ಠಾಣೆಯ ಮೆಟ್ಟಿಲು ಹತ್ತಿಸಲು ಗದ್ದೆಯ ಬದುವೇ ಬೇಕೆಂದಿಲ್ಲ, ಪಾಯಿಖಾನೆಯ 4 ಇಂಚಿನ ಪೈಪೂ ಸಾಕು. ಅನುಮಾನವಿದ್ದವರು ಹಳೇ ಪೇಟೆಯ ಹಿಂದಿನ ಬೀದಿಗೆ ಹೋಗಿ ನೋಡಬಹುದು. ಕಣ್ಣಿಗಿಂತ ಮೊದಲು ಮೂಗಿಗೇ ಗೊತ್ತಾಗುತ್ತದೆ.

ಅಲ್ಲೊಂದು ದೊಡ್ಡ ಮನೆ. ತಂದೆ ತೀರಿಕೊಂಡ ಮೇಲೆ ನಡುವೆ ಗೋಡೆ ಎದ್ದು ಎರಡಾಯಿತು. ಪಾಲುಪತ್ರದಲ್ಲಿ ಬಾವಿಗೊಂದು ಸಾಲು, ಹಿತ್ತಲ ತೆಂಗಿನ ಮರಕ್ಕೊಂದು ಸಾಲು, ಅಟ್ಟದ ಮೇಲಿನ ತಾಮ್ರದ ಹಂಡೆಗೂ ಒಂದು ಸಾಲು. ನೆಲದಡಿಯ ಪೈಪಿಗೆ ಮಾತ್ರ ಸಾಲಿಲ್ಲ. ಹಳೇ ಪಾಯಿಖಾನೆ ಅಣ್ಣನ ಪಾಲಿಗೆ ಬಂತು. ತಮ್ಮ ಗೋಡೆಯ ಆಚೆ ಹೊಸದೊಂದು ಕಟ್ಟಿಸಿದ. ಮೇಸ್ತ್ರಿ ಹೊಸ ಪೈಪನ್ನು ತಂದು ಹಳೇ ಪೈಪಿಗೇ ಒಂದು 'ಟೀ' ಹಾಕಿ ಕೂಡಿಸಿ, ಮೇಲೆ ಗಾರೆ ಮೆತ್ತಿ, ಕೂಲಿ ಎಣಿಸಿಕೊಂಡು ಹೋದ. ಮನೆ ಎರಡಾಯಿತು. ಪೈಪು ಮಾತ್ರ ಅವಿಭಕ್ತ ಕುಟುಂಬವಾಗಿಯೇ ಉಳಿಯಿತು!

ಆಮೇಲೆ ಶುರುವಾಯಿತು ನೋಡಿ. ಅಣ್ಣನ ಮನೆಯಲ್ಲಿ ಒಂದು ಬಕೆಟ್ ನೀರು ಸುರಿದರೆ ತಮ್ಮನ ಮನೆಯಲ್ಲಿ ಗುಳುಗುಳು. ಎರಡು ಬಕೆಟ್ ಸುರಿದರೆ ತಮ್ಮನ ಮನೆಯ ಬೇಸಿನ್ ತುಂಬಿ ಮೇಲಕ್ಕೇ ಬರುತ್ತದೆ.

"ಅಣ್ಣಾ, ನಿಮ್ಮನೇದೆಲ್ಲ ನಮ್ಮನೇಗ್ ಬರ್ತಿದೆ, ಒಂಚೂರು ನೋಡಿ" ಅಂತ ತಮ್ಮ.

"ನಮ್ದು ಸರಾಗ ಹೋಗ್ತಾ ಇದೆಯಪ್ಪಾ, ನಿಂದೇ ಏನೋ ಕಟ್ಕೊಂಡಿರ್ಬೇಕು" ಅಂತ ಅಣ್ಣ.

ವಾರಗಿತ್ತಿಯರ ನಡುವೆ ಆರು ತಿಂಗಳು ಮಾತಿಲ್ಲ. ಕೊನೆಗೆ ಬೇಕಂತಲೇ ಪೈಪಿಗೆ ಗೋಣಿಚೀಲ ತುರುಕಿದ್ದಾರೆಂಬ ಆರೋಪ, ಠಾಣೆಗೆ ಅರ್ಜಿ. ಠಾಣೆಯವರು "ಇದು ಸಿವಿಲ್ ಮ್ಯಾಟ್ರು" ಅಂದರು. ಪುರಸಭೆಯವರು "ರಸ್ತೆಯದು ನಮ್ದು, ಕಾಂಪೌಂಡ್ ಒಳಗಿನದು ನಿಮ್ದು" ಅಂದರು. ಇಷ್ಟೆಲ್ಲ ಓಡಾಟದ ನಡುವೆ ಮನೆ ಮುಂದಿನ ಚೇಂಬರ್ ಮುಚ್ಚಳ ಎತ್ತಿ ನೋಡಿದವರು ಯಾರಾದರೂ ಇದ್ದರೇ? ಒಬ್ಬರೂ ಇಲ್ಲ!

ನೋಡಿದ್ದರೆ ಜಗಳ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಒಂದೇ ಮನೆಯಲ್ಲಿ ಕಟ್ಟಿಕೊಂಡು ಪಕ್ಕದ ಮನೆಯಲ್ಲಿ ಸರಾಗವಾಗಿದ್ದರೆ ದೋಷ ಆ ಮನೆಯ ಪೈಪಿನದು, ಎರಡೂ ಕೂಡುವ ಜಾಗಕ್ಕಿಂತ ಹಿಂದೆ. ಒಂದು ಮನೆಯಲ್ಲಿ ಸುರಿದದ್ದು ಇನ್ನೊಂದು ಮನೆಯಲ್ಲಿ ಎದ್ದರೆ ದೋಷ ಕೂಡಿದ ಜಾಗದಿಂದ ಮುಂದೆ, ಅಂದರೆ ಇಬ್ಬರಿಗೂ ಸೇರಿದ ಪೈಪಿನಲ್ಲಿ. ನೀರಿಗೆ ಅಣ್ಣ ತಮ್ಮ ಗೊತ್ತಿಲ್ಲ, ಗೊತ್ತಿರುವುದು ತಗ್ಗು ಮಾತ್ರ. ಅಣ್ಣನ ಪಾಯಿಖಾನೆ ಎರಡು ಮೆಟ್ಟಿಲು ಎತ್ತರದಲ್ಲಿದೆ, ಆದ್ದರಿಂದ ಅಲ್ಲಿ 'ಸರಾಗ'. ತಮ್ಮನದು ತಗ್ಗಿನಲ್ಲಿದೆ, ಆದ್ದರಿಂದ ಅಲ್ಲಿ ಪ್ರವಾಹ.

ಇನ್ನು ಚೇಂಬರ್. ಅದು ತುಂಬಿ ನಿಂತಿದ್ದರೆ ಅಡಚಣೆ ರಸ್ತೆಯ ಕಡೆಗಿದೆ. ಮನೆಯಲ್ಲಿ ತುಂಬಿದ್ದು ಚೇಂಬರ್ ಒಣಗಿದ್ದರೆ ಅಡಚಣೆ ಮನೆಗೂ ಚೇಂಬರಿಗೂ ನಡುವೆ. ಯಾರ ಮನೆಯ ಪೈಪು ಎಲ್ಲಿ ಬಂದು ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಒಂದು ಬಕೆಟ್ ನೀರಿಗೆ ಬಟ್ಟೆಯ ನೀಲಿ ಕದಡಿ ಸುರಿದರಾಯಿತು, ಬಣ್ಣವೇ ಸಾಕ್ಷಿ ಹೇಳುತ್ತದೆ. ಮಳೆ ಬಂದ ದಿನ ಮಾತ್ರ ಉಕ್ಕುತ್ತದೆಯೋ? ಹಾಗಾದರೆ ಆ ಸಾಲಿನಲ್ಲಿ ಯಾರೋ ಮಹಾರಾಯರು ತಾರಸಿ ನೀರಿನ ಪೈಪನ್ನು ಒಳಚರಂಡಿಗೆ ತಿರುಗಿಸಿರಬಹುದು.

ನೀರು ಏಳುವುದಿಲ್ಲ, ಬರೀ ಗುಳುಗುಳು ಸದ್ದು, ಹಿಂದೆಯೇ ನಾತ ಅಂದರೆ ಅದು ಬೇರೆ ರೋಗ. ಬೇಸಿನ್ ಕೆಳಗಿನ ಬಾಗಿದ ಟ್ರ್ಯಾಪಿನಲ್ಲಿ ಸುಮಾರು 2 ಇಂಚು ನೀರು ಸದಾ ನಿಂತಿರಬೇಕು. ನಾತ ಒಳಗೆ ಬಾರದಂತೆ ತಡೆಯುವುದು ಅದೇ. ಪಕ್ಕದ ಮನೆಯ ನೀರು ರಭಸದಿಂದ ಹೋಗುವಾಗ ಪೈಪಿಗೆ ಮೇಲಿನಿಂದ ಗಾಳಿ ಸಿಗದಿದ್ದರೆ ಈ ನೀರನ್ನೇ ಹೀರಿಬಿಡುತ್ತದೆ. ಗಾಳಿ ಪೈಪು ಸೂರಿಗಿಂತ ಮೇಲಕ್ಕೆ ಹೋಗಬೇಕೆಂಬುದು ಅದಕ್ಕೇ. ಮಹಡಿ ಎಬ್ಬಿಸುವಾಗ ಅದನ್ನು ಕತ್ತರಿಸಿ ಮುಚ್ಚಿದ ಪುಣ್ಯಾತ್ಮರು ಬೇಕಾದಷ್ಟು ಜನ ಇದ್ದಾರೆ.

ಅಂತೂ ಈ ಅಣ್ಣತಮ್ಮಂದಿರ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಪ್ಲಂಬರ್ ಹುಡುಗನೇ ಚೇಂಬರ್ ಮುಚ್ಚಳ ಎತ್ತಿದ. ಒಳಗೆ ಒಣ ಒಣ. ಅಲ್ಲಿಂದ ಮನೆಯ ಕಡೆಗೆ ರಾಡು ಬಿಟ್ಟ. ಅದು 11 ಅಡಿ ಹೋಗಿ ಟಕ್ ಅಂತ ನಿಂತಿತು. ಅಷ್ಟೇ ಅಳತೆಯನ್ನು ನೆಲದ ಮೇಲೆ ಹಿಡಿದು ಅಗೆದರೆ ಸಿಕ್ಕಿದ್ದು ಅದೇ 'ಟೀ'. ಅದರ ಬಾಯಲ್ಲಿ ತೆಂಗಿನಕಾಯಿ ಗಾತ್ರದ ಗಾರೆ ಉಂಡೆ. ಕೂಡಿಸುವಾಗ ಒಳಗೆ ಬಿದ್ದು ಗಟ್ಟಿಯಾದದ್ದು. ಅದಕ್ಕೆ ಬಟ್ಟೆ ಚೂರು, ಕೂದಲು ಸಿಕ್ಕಿಕೊಂಡು ದಾರಿ ಮುಚ್ಚಿತ್ತು. ತಪ್ಪು ಅಣ್ಣನದೂ ಅಲ್ಲ, ತಮ್ಮನದೂ ಅಲ್ಲ. ಆರು ತಿಂಗಳ ವೈರಕ್ಕೆ ಕಾರಣ ಒಂದು ಬಾಣಲಿ ಗಾರೆ!

ಈಗ ಎರಡು ಮನೆಗೂ ಬೇರೆ ಬೇರೆ ಪೈಪು ಚೇಂಬರಿಗೆ ಬಂದು ಬೀಳುತ್ತದೆ. 10 ಅಡಿಗೆ 3 ಇಂಚು ವಾಟ ಕೊಟ್ಟಿದ್ದಾರೆ. ಚೇಂಬರ್ ಇಲ್ಲದೆ ಕೂಡಿಸಲೇಬೇಕಾದ ಕಡೆ 'ಟೀ' ಬಿಟ್ಟು, ನೀರು ಹೋಗುವ ದಿಕ್ಕಿಗೇ ಓರೆಯಾಗಿ ಸೇರುವ 'ವೈ' ಹಾಕಬೇಕೆಂಬುದು ಕಲಿತ ಪ್ಲಂಬರಿಗೆ ಗೊತ್ತಿರುವ ಮಾತು.

ಈ ಮನೆಯಲ್ಲಿ ಗಾರೆ ಉಂಡೆ ಸಿಕ್ಕಿತು, ಕತೆ ಸುಖಾಂತವಾಯಿತು. ಒಳಚರಂಡಿ ಇನ್ನೂ ಬಾರದ ಬೀದಿಗಳಲ್ಲಿ ಕತೆ ಹೀಗೆ ಮುಗಿಯುವುದಿಲ್ಲ. ಅಲ್ಲಿ ಎರಡು ಮನೆಯ ಪೈಪೂ ಒಂದೇ ಗುಂಡಿಗೆ. ಗುಂಡಿ ತುಂಬಿದಾಗ ಕಾಣುವುದೂ ಇದೇ ಲಕ್ಷಣ. ಎರಡು ಮೂರು ವರ್ಷಕ್ಕೊಮ್ಮೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಬೇಕೆಂದರೆ "ಅವರು ಕೊಡ್ಲಿ, ಇವರು ಕೊಡ್ಲಿ" ಅಂತ ಎರಡೂ ಮನೆಯವರು ಕೂರುತ್ತಾರೆ. ಯಂತ್ರದ ಬಾಡಿಗೆ ಉಳಿಸಲು ಕೊನೆಗೆ ಹುಡುಕುವುದು ಯಾರನ್ನು? ಐನೂರು ರೂಪಾಯಿಗೆ ಹಗ್ಗ ಹಿಡಿದು ಇಳಿಯುವ ಬಡವನನ್ನು. ಜಗಳ ಎರಡು ಮನೆಯದು, ಪ್ರಾಣ ಮೂರನೆಯವನದು.

ಆ ಗುಂಡಿಯಲ್ಲಿ ನಿಂತ ಗಾಳಿ ವಿಷ. ಕೊಳೆತ ಮೊಟ್ಟೆಯ ನಾತದ ಆ ಗಾಳಿ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ಹೋಯಿತು ಅಂದುಕೊಂಡವನು ಅಲ್ಲೇ ಕುಸಿಯುತ್ತಾನೆ, ಎತ್ತಲು ಇಳಿದವನೂ ಏಳುವುದಿಲ್ಲ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟರು. ಅಂದು ತಲೆಯಿಂದ ಇಳಿಸಿದ್ದನ್ನು ಇಂದು ಕುತ್ತಿಗೆಯವರೆಗೆ ಮುಳುಗಿಸುವುದು ಯಾವ ನ್ಯಾಯ ಸ್ವಾಮಿ? ರಕ್ಷಣೆಯಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದವರಿಗೆ 2013ರ ಕಾಯ್ದೆಯಂತೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ. ಇದು ಪುರಸಭೆಗೆ ಮಾತ್ರ ಅಂದುಕೊಳ್ಳಬೇಡಿ, ಮನೆ ಯಜಮಾನನಿಗೂ ಅನ್ವಯಿಸುತ್ತದೆ. ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂ. ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಜಗಳಕ್ಕೂ ಕಾನೂನು ಇದೆ. ಜಂಟಿ ಆಸ್ತಿ ಪಾಲಾದಾಗ, ಒಬ್ಬನ ಪಾಲಿನ ಬಳಕೆಗೆ ಅಗತ್ಯವಾದ ಹಾದಿ ಇನ್ನೊಬ್ಬನ ಪಾಲಿನಲ್ಲಿದ್ದರೆ ಆ ಹಕ್ಕು ಅವನಿಗುಂಟು ಎಂದು 1882ರ ಈಸ್‌ಮೆಂಟ್ ಕಾಯ್ದೆ ಹೇಳುತ್ತದೆ. ಹಳೇ ಪೈಪನ್ನು ಸಿಟ್ಟಿಗೆ ಮುಚ್ಚುವಂತಿಲ್ಲ. ಆದರೆ ಪಾಲಾದ ಮೇಲೆ ಕಟ್ಟಿದ ಹೊಸ ಪಾಯಿಖಾನೆಗೆ ಈ ಹಕ್ಕು ತಾನಾಗಿ ಬರುವುದಿಲ್ಲ. ಅದಕ್ಕೆ ಒಪ್ಪಿಗೆ ಬೇಕು, ಬರಹದಲ್ಲಿ ಬೇಕು.

ಆದ್ದರಿಂದ ಪಾಲುಪತ್ರ ಬರೆಯುವವರು ಹಂಡೆಯ ಸಾಲಿನ ಕೆಳಗೆ ಪೈಪಿಗೂ ಒಂದು ಸಾಲು ಬರೆಯಲಿ: ಎಲ್ಲಿ ಹಾದುಹೋಗುತ್ತದೆ, ಕೆಟ್ಟರೆ ಯಾರ ಖರ್ಚು. ಪುರಸಭೆಯವರು ಮನೆಯ ಖಾತೆ ಎರಡು ಮಾಡುವ ಮೊದಲು ಚರಂಡಿ ಎರಡಾಗಿದೆಯೇ ಅಂತ ಕೇಳಲಿ. ಗುಂಡಿ ಖಾಲಿ ಮಾಡುವ ಯಂತ್ರದ ಬಾಡಿಗೆ ಎಷ್ಟು, ಯಾರನ್ನು ಕೇಳಬೇಕು ಎಂಬುದನ್ನು ಕಚೇರಿಯ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಲಿ. ಮನೆಯವರು ಪಕ್ಕದ ಮನೆಯ ಬಾಗಿಲು ಬಡಿಯುವ ಮೊದಲು ಚೇಂಬರ್ ಮುಚ್ಚಳ ಎತ್ತಲಿ.

ಹಳೇ ಪೇಟೆಯ ವಾರಗಿತ್ತಿಯರು ಈಗ ಮತ್ತೆ ಮಾತಾಡುತ್ತಿದ್ದಾರೆ. ಗಾರೆ ಉಂಡೆ ಮಾತ್ರ ಇನ್ನೂ ಗೋಡೆಯ ಪಕ್ಕದಲ್ಲೇ ಬಿದ್ದಿದೆ. ಅದನ್ನು ಎತ್ತಿಸುವುದು ಯಾರ ಖರ್ಚು ಎಂಬುದು ಇನ್ನೂ ತೀರ್ಮಾನವಾಗಿಲ್ಲ!