ಮುಳ್ಳಿಲ್ಲದ ಮೇವಿನ ಕಳ್ಳಿಯೂ ಕರಾವಳಿಯ ಮಳೆಯೂ

ಕಳ್ಳಿಗೆ ಆರೈಕೆಯೇ ಬೇಡವೆಂಬ ಮಾತು ಬಯಲುಸೀಮೆಗೆ ಸಲ್ಲಬಹುದು, ಹಟ್ಟಿಯಂಗಡಿಗೆ ಸಲ್ಲದು. ಇಲ್ಲಿ ಅದನ್ನು ಕೊಲ್ಲುವುದು ಬೇಸಗೆಯಲ್ಲ, ಆಷಾಢದ ನೀರು. ಆದಕಾರಣ ವಾರಾಹಿಯ ದಂಡೆಯ ಬೈಲುಗದ್ದೆಗಳ ಅಂಚಿನಲ್ಲಿ ನೆಡುವುದು ವ್ಯರ್ಥವು. ಮುರಕಲ್ಲಿನ ಇಳಿಜಾರಿನಲ್ಲಿ ಮಣ್ಣನ್ನು ಒಂದಡಿ ಏರಿಸಿ, ದೀಪಾವಳಿಯ ತರುವಾಯ ನೆಡತಕ್ಕದ್ದು. ಕತ್ತರಿಸಿದ ತುಂಡನ್ನು ಎರಡು ವಾರ ನೆರಳಿನಲ್ಲಿಟ್ಟು, ಗಾಯವು ಒಣಗಿದ ಮೇಲೆ ಮೂರರಲ್ಲೊಂದು ಪಾಲು ಮಾತ್ರ ಹೂಳಬೇಕು. ಹಸಿಯಾಗಿಯೇ ನೆಟ್ಟು, ಕೊಳೆತ ಬಳಿಕ ತಳಿಯನ್ನು ದೂರುವವರು ಹಲವರಿರುವರು.

ಮುಳ್ಳಿನ ಪಾಪಾಸುಕಳ್ಳಿಯನ್ನು ಮಾತ್ರ ಬೇಲಿಗೆಂದೂ ತರಕೂಡದೆಂಬುದು ನನ್ನ ದೃಢಾಭಿಪ್ರಾಯವು. ದಕ್ಷಿಣ ಭಾರತದ ನೆಲವನ್ನಾಕ್ರಮಿಸಿದ್ದ ಅದನ್ನಡಗಿಸಲು 1926ರಲ್ಲಿ ಲಂಕೆಯಿಂದ ಒಂದು ಕೀಟವನ್ನೇ ತರಿಸಬೇಕಾಯಿತು. ಅದೇ ಕೀಟವು 2014ರಿಂದೀಚೆಗೆ ಮೊರಾಕ್ಕೊ ದೇಶದಲ್ಲಿ, ಜನರು ಹಣ್ಣಿಗೂ ಮೇವಿಗೂ ಬೆಳೆಸಿದ್ದ ಕಳ್ಳಿಯನ್ನು ಹಾಳುಮಾಡಿತು. ಆದುದರಿಂದ ಗಿಡದ ಮೇಲೆ ಬಿಳಿಯ ಅರಳೆಯಂತಹುದು ಕಂಡೊಡನೆ ಆ ತುಂಡನ್ನು ಕಡಿದು ಸುಡತಕ್ಕದ್ದು. ಕಡಿದುದನ್ನು ಹಾಡಿಯಲ್ಲೆಸೆದರೆ ಅಲ್ಲಿಯೇ ಬೇರೂರುವುದು.

ಎಕರೆಗಟ್ಟಲೆ ಬೇಡ; ಹಟ್ಟಿಯ ಹಿಂದಣ ಬರಡುನೆಲದಲ್ಲಿ ನಾಲ್ಕು ಸಾಲು ಸಾಕು. ಮೊದಲ ಬೇಸಗೆಯಲ್ಲಿ ಕೊಯ್ಯದೆ, ಎರಡನೆಯದರಿಂದ ಉಪಯೋಗಿಸಬಹುದು. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ ಇರುವುದರಿಂದ ಚಿಕ್ಕದಾಗಿ ಕೊಚ್ಚಿ ಬೈಹುಲ್ಲಿನೊಡನೆ ಬೆರೆಸಿಯೇ ದನಗಳಿಗೆ ಹಾಕಬೇಕು. ಅದೊಂದನ್ನೇ ಹಾಕಿದರೆ ಸಗಣಿಯು ನೀರಾಗುವುದು.